ವಾರದ ಸಾಮಾನು ಪೂರ್ತಿ ಡೆಲಿವರಿಗೇ ಬಿಡಬಹುದಾ? ಅನುಭವ ಇರುವವರು ಹೇಳಿ

ಬೆಳಗಿನಬಸ್ಸು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಒಂದೇ ಮಾತು. ವಾರದ ಸಾಮಾನನ್ನು ಸೂಪರ್‌ಮಾರ್ಕೆಟ್‌ಗೆ ಹೋಗಿ ತರುವುದಾ, ಇಲ್ಲ ಪೂರ್ತಿ ಹೋಮ್ ಡೆಲಿವರಿಗೇ ಬಿಟ್ಟುಬಿಡುವುದಾ ಅಂತ. ಇಷ್ಟು ವರ್ಷ ಈ ಪ್ರಶ್ನೆಯೇ ಬಂದಿರಲಿಲ್ಲ, ಯಾಕೆಂದರೆ ಅದು ಅಪ್ಪನ ಕೆಲಸ. ಹಳೇ ಲಕೋಟೆಯ ಹಿಂದೆ ಪೆನ್ಸಿಲ್‌ನಲ್ಲಿ ಪಟ್ಟಿ ಬರೆದುಕೊಂಡು, ಎರಡು ಬಟ್ಟೆ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ ಒಂದೂವರೆ ಗಂಟೆ ಬಿಟ್ಟು ಬರುತ್ತಿದ್ದರು. ಅವರಿಗೆ ಈಗ 71. ಎರಡು ತಿಂಗಳ ಹಿಂದೆ ಮಂಡಿ ಆಪರೇಷನ್ ಆಯಿತು. ಡಾಕ್ಟರು ದಿನಾ ನಡೆಯಿರಿ ಅಂದಿದ್ದಾರೆ, ಆದರೆ ಭಾರ ಎತ್ತಬೇಡಿ ಅಂತಲೂ ಹೇಳಿದ್ದಾರೆ. ನಮ್ಮ ಯಜಮಾನರು ವಾರಕ್ಕೆ ನಾಲ್ಕು ದಿನ ಊರಲ್ಲಿರುವುದಿಲ್ಲ. ನಾನು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಐದಕ್ಕೆ. ಬಂದ ಮೇಲೆ ನಾಲ್ಕು ವರ್ಷದ ಮಗಳು ಕಾಲು ಬಿಡುವುದಿಲ್ಲ.

ಹಾಗಾಗಿ ಡೆಲಿವರಿ ಶುರು ಮಾಡಿದೆ. ಮೂರು ಆರ್ಡರ್ ಆಗಿದೆ. ಸಮಯ ಉಳಿಯಿತು, ಅದು ನಿಜ. ಆದರೆ ಮೊದಲ ಸಲ ಬಂದ ಹಾಲಿಗೆ ಒಂದೇ ದಿನ ಬಾಕಿ ಇತ್ತು. ಎರಡನೇ ಸಲ ಮೊಟ್ಟೆ ಒಡೆದು ಬ್ರೆಡ್ಡಿನ ಕವರ್ ಮೇಲೆಲ್ಲ ಸುರಿದಿತ್ತು. ಮೂರನೇ ಸಲ ನಾನು ಹಾಕಿದ ಡಿಟರ್ಜೆಂಟ್ ಇಲ್ಲ ಅಂತ ಬೇರೆ ಯಾವುದೋ ಕಳಿಸಿದರು, ಗಾಢ ವಾಸನೆಯದು. ಮಗಳ ಚರ್ಮಕ್ಕೆ ಅದು ಆಗುವುದಿಲ್ಲ, ಕುತ್ತಿಗೆ ಸುತ್ತ ಕೆಂಪಗಾಯಿತು.

ಇನ್ನೊಂದು ವಿಷಯ. ಸಾಮಾನು ಬಂದಾಗ ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಂದೊಂದೇ ತೆಗೆದು ತಾರೀಕು ನೋಡುತ್ತಾರೆ. ಮೊನ್ನೆ ಒಂದು ಟೊಮೆಟೊ ಕೈಯಲ್ಲಿ ಹಿಡಿದು, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, "ನಾನಾಗಿದ್ದರೆ ಇದನ್ನು ತರುತ್ತಿರಲಿಲ್ಲ" ಅಂದರು. ಬೈಯುವ ಧ್ವನಿ ಅಲ್ಲ. ಸುಮ್ನೆ ಹೇಳಿದರು. ಅದು ಇನ್ನೂ ನನ್ನ ಕಿವಿಯಲ್ಲೇ ಇದೆ.

ವರ್ಷಗಟ್ಟಲೆ ಡೆಲಿವರಿ ತರಿಸಿದವರು ಹೇಳಿ. ಖರ್ಚು ಜಾಸ್ತಿಯಾಗುತ್ತದಾ? ತಾಜಾ ಪದಾರ್ಥವನ್ನು ನಂಬಿ ತರಿಸಬಹುದಾ? ಪೂರ್ತಿ ಬಿಟ್ಟರೆ ಆಮೇಲೆ ಪಶ್ಚಾತ್ತಾಪ ಆಗುತ್ತದಾ?

ಅವಳಿಮಕ್ಕಳಮ್ಮ:

ನನ್ನ ಕಡೆಯಿಂದ ಖಂಡಿತ ಡೆಲಿವರಿ. ಎರಡು ಮಾತಿಲ್ಲ. ನನ್ನ ಅವಳಿ ಮಕ್ಕಳಿಗೆ ಒಂದು ವರ್ಷ ಆಗುವವರೆಗೆ ನಾನು ಅಂಗಡಿಯ ಒಳಗೆ ಕಾಲಿಟ್ಟಿದ್ದು ನಾಲ್ಕೋ ಐದೋ ಸಲ. ಅದರಲ್ಲಿ ಒಂದು ಸಲ ಬಿಲ್ಲಿಂಗ್ ಸಾಲಿನಲ್ಲಿ ಇಬ್ಬರೂ ಒಟ್ಟಿಗೆ ಅಳಲು ಶುರು ಮಾಡಿದರು, ತುಂಬಿದ ಟ್ರಾಲಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಅವತ್ತು ರಾತ್ರಿ ಮೊದಲ ಆರ್ಡರ್ ಮಾಡಿದ್ದು. ಮಕ್ಕಳು ಮಲಗಿದ ಮೇಲೆ, ಕತ್ತಲಲ್ಲಿ, ಒಂದೇ ಕೈಯಲ್ಲಿ.

ಡೈಪರ್, ಅಕ್ಕಿ, ಎಣ್ಣೆ, ನೀರಿನ ಕ್ಯಾನು, ಸೋಪು ಇವನ್ನೆಲ್ಲ ಯಾರು ಆರಿಸಿದರೂ ಒಂದೇ ಅಲ್ವಾ? ಅದಕ್ಕೆ ನೀವು ಯಾಕೆ ಬೆನ್ನು ನೋಯಿಸಿಕೊಳ್ಳಬೇಕು? ಒಡೆದದ್ದು, ಕೆಟ್ಟದ್ದು ಬಂದರೆ ಬಂದ ತಕ್ಷಣ ಫೋಟೋ ತೆಗೆದು ಹಾಕಿ. ಸಂಜೆ ನೋಡೋಣ ಅಂತ ಬಿಟ್ಟರೆ ಮರೆತುಹೋಗುತ್ತದೆ, ದುಡ್ಡು ವಾಪಸ್ ಕೇಳುವ ಅವಧಿಯೂ ಮುಗಿದಿರುತ್ತದೆ. ಮಗಳ ಡಿಟರ್ಜೆಂಟ್ ವಿಷಯ ಓದಿ ಬೇಜಾರಾಯಿತು. ಅಂಥ ವಸ್ತು ಯಾವಾಗಲೂ ಮನೆಯಲ್ಲಿ ಒಂದು ಎಕ್ಸ್‌ಟ್ರಾ ಇರಲಿ. ಒಂದು ಒಡೆದ ದಿನವೇ ಇನ್ನೊಂದನ್ನು ಕಾರ್ಟ್‌ಗೆ ಹಾಕಿ.

ಹಳೇಪಿಕ್ಕರ್:

ನಾನು ಎರಡೂವರೆ ವರ್ಷ ಸೂಪರ್‌ಮಾರ್ಕೆಟ್ ಒಂದರಲ್ಲಿ ಇದೇ ಕೆಲಸ ಮಾಡಿದವನು. ನಿಮ್ಮ ಆರ್ಡರ್ ನೋಡಿಕೊಂಡು ರ‍್ಯಾಕಿನಿಂದ ಸಾಮಾನು ತೆಗೆಯುವವನಿಗೆ ಪಿಕ್ಕರ್ ಅನ್ನುತ್ತಾರೆ. ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ನಿಮ್ಮ ಅರ್ಧ ತೊಂದರೆ ತಪ್ಪುತ್ತದೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮಲ್ಲಿ ಒಬ್ಬ ಪಿಕ್ಕರ್ ಒಂದೇ ಮನೆಯ ಆರ್ಡರ್ ಹಿಡಿದು ಓಡಾಡುತ್ತಿರಲಿಲ್ಲ. ತಳ್ಳುಗಾಡಿಯಲ್ಲಿ ಆರು ಪೆಟ್ಟಿಗೆ, ಆರು ಮನೆ. ಕೈಯಲ್ಲಿ ಸ್ಕ್ಯಾನರ್. ಅದು ಯಾವ ಸಾಲು, ಯಾವ ರ‍್ಯಾಕು, ಯಾವ ಪೆಟ್ಟಿಗೆಗೆ ಎಷ್ಟು ಅಂತ ತೋರಿಸುತ್ತದೆ. ಬಾರ್‌ಕೋಡ್ ಹೊಡೆದರೆ ಟಿಕ್, ಮುಂದಿನದು. ಗಂಟೆಗೆ ಎಷ್ಟು ಐಟಂ ತೆಗೆದೆ ಅನ್ನುವುದು ಮೇಲಿನವರಿಗೆ ಕಾಣುತ್ತಿರುತ್ತದೆ. ಹಾಗಾಗಿ ಒಂದು ಟೊಮೆಟೊ ಒತ್ತಿ ನೋಡುವಷ್ಟು ಹೊತ್ತು ಅವನ ಹತ್ತಿರ ಇರುವುದಿಲ್ಲ. ನಿಮ್ಮ ಅಪ್ಪನಿಗೆ ಅದು ಇತ್ತು. ವ್ಯತ್ಯಾಸ ಅಷ್ಟೇ. ಪಿಕ್ಕರ್ ಸೋಮಾರಿ ಅಂತಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಶಿಫ್ಟ್ ಮುಗಿದಾಗ ನಮಗೆ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಹಾಲಿನ ವಿಷಯ. ಅಂಗಡಿಯವರು ಮೊದಲು ಹಾಳಾಗುವ ಮಾಲನ್ನು ಮುಂದೆ ಇಡುತ್ತಾರೆ, ಹೊಸದನ್ನು ಹಿಂದೆ. ಇಲ್ಲದಿದ್ದರೆ ಹಳೆಯದೆಲ್ಲ ಕಸಕ್ಕೆ ಹೋಗುತ್ತದೆ. ನೀವು ಅಂಗಡಿಗೆ ಹೋದರೆ ಕೈ ಹಿಂದಕ್ಕೆ ಹಾಕಿ ಹೊಸದನ್ನು ಎಳೆಯುತ್ತೀರಿ. ಪಿಕ್ಕರ್ ಕೈಗೆ ಸಿಕ್ಕಿದ್ದು ಮುಂದಿನದು. ಒಂದೇ ದಿನ ಬಾಕಿ ಇದ್ದ ಹಾಲು ಹೀಗೇ ಬಂದಿರುತ್ತದೆ. ಕೆಲವು ಅಂಗಡಿಗಳು ಇಂತಿಷ್ಟು ದಿನ ಬಾಕಿ ಇರುವುದನ್ನೇ ಕೊಡುತ್ತೇವೆ ಅಂತ ಬರೆದಿರುತ್ತವೆ, ಅದು ಇದೆಯಾ ನೋಡಿ. ಇಲ್ಲದಿದ್ದರೆ ಹಾಲಿನ ಪಕ್ಕ "ಶನಿವಾರದವರೆಗೆ ಬೇಕು" ಅಂತ ಒಂದು ನೋಟ್ ಹಾಕಿ.

ನೋಟ್ ಹಾಕುವುದಕ್ಕೂ ಒಂದು ರೀತಿ ಇದೆ. "ಒಳ್ಳೆ ಟೊಮೆಟೊ ಹಾಕಿ" ಅಂತ ಬರೆದರೆ ಏನೂ ಪ್ರಯೋಜನ ಇಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. "ಎರಡು ಇವತ್ತಿಗೆ ಹಣ್ಣಾದದ್ದು, ನಾಲ್ಕು ಗಟ್ಟಿ" ಅಂತ ಬರೆದವರ ಆರ್ಡರ್ ಬಂದಾಗ ನಾನು ನಿಂತು ಆರಿಸುತ್ತಿದ್ದೆ. ಏನು ಮಾಡಬೇಕು ಅಂತ ಗೊತ್ತಾದರೆ ಕೈ ತಾನೇ ಹೋಗುತ್ತದೆ.

ಬದಲಿ ವಸ್ತು. ಸ್ಟಾಕ್ ಇಲ್ಲದಿದ್ದರೆ ಸ್ಕ್ಯಾನರ್ ಪರದೆಯೇ ಒಂದೆರಡು ಬದಲಿ ತೋರಿಸುತ್ತದೆ. ಅದಕ್ಕೆ ಅದು ಡಿಟರ್ಜೆಂಟ್, ಇದೂ ಡಿಟರ್ಜೆಂಟ್. ನಿಮ್ಮ ಮಗಳ ಕುತ್ತಿಗೆ ಅದಕ್ಕೆ ಗೊತ್ತಿಲ್ಲ. ಬಹಳ ಆ್ಯಪ್‌ಗಳಲ್ಲಿ ಒಂದೊಂದು ವಸ್ತುವಿಗೂ "ಬದಲಿ ಬೇಡ" ಅಂತ ಬೇರೆಯಾಗಿ ಹಾಕಬಹುದು. ಅಲರ್ಜಿ, ಔಷಧಿ, ಮಗುವಿನ ಆಹಾರ ಇವಕ್ಕೆ ಅದನ್ನು ಹಾಕಲೇಬೇಕು. ಉಳಿದದ್ದಕ್ಕೆ ಬದಲಿ ಬಿಟ್ಟಿರಿ, ಇಲ್ಲದಿದ್ದರೆ ಅರ್ಧ ಚೀಲ ಖಾಲಿ ಬರುತ್ತದೆ.

ಕೊನೆಯದು, ಸ್ಲಾಟ್. ನಾನಿದ್ದ ಕಡೆ ರಾತ್ರಿ ಮತ್ತು ನಸುಕಿನಲ್ಲಿ ರ‍್ಯಾಕು ತುಂಬುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ಸ್ಲಾಟ್‌ಗೆ ಹೋದ ತರಕಾರಿಗೂ ರಾತ್ರಿ ಎಂಟರ ಸ್ಲಾಟ್‌ಗೆ ಹೋದ ತರಕಾರಿಗೂ ಹೋಲಿಕೆಯೇ ಇರಲಿಲ್ಲ. ನಿಮ್ಮ ಅಂಗಡಿಯಲ್ಲಿ ಯಾವ ಹೊತ್ತಿಗೆ ಮಾಲು ಬರುತ್ತದೆ ಅಂತ ಒಮ್ಮೆ ಕೇಳಿ ನೋಡಿ. ಹೇಳುತ್ತಾರೆ.

ಬೆಳಗಿನಬಸ್ಸು:

ಅಣ್ಣ, ತುಂಬಾ ಥ್ಯಾಂಕ್ಸ್. ನಾನು ಮೂರು ಸಲವೂ ರಾತ್ರಿ ಏಳರ ಸ್ಲಾಟ್ ತಗೊಂಡಿದ್ದೆ, ನಾನು ಮನೆಯಲ್ಲಿರುತ್ತೇನಲ್ಲ ಅಂತ. ಬೆಳಿಗ್ಗೆ ಅಪ್ಪ ಇರುತ್ತಾರೆ, ಅವರೇ ತಗೊಳ್ಳಬಹುದು. ಇದು ನನಗೆ ಹೊಳೆದೇ ಇರಲಿಲ್ಲ. ಐಸ್ ಪೆಟ್ಟಿಗೆಯಲ್ಲಿ ಬರುವ ಪದಾರ್ಥದ ಬಗ್ಗೆಯೂ ಸ್ವಲ್ಪ ಹೇಳಿ. ಕೆಟ್ಟಿದೆಯಾ ಇಲ್ಲವಾ ಹೇಗೆ ಗೊತ್ತಾಗುತ್ತದೆ?

ಹಳೇಪಿಕ್ಕರ್:

ಫ್ರೋಜನ್ ಬಟಾಣಿಯ ಪ್ಯಾಕೆಟ್ ತಗೊಂಡು ಅಲ್ಲಾಡಿಸಿ. ಕಾಳು ಬಿಡಿಬಿಡಿಯಾಗಿ ಸದ್ದು ಮಾಡಿದರೆ ಸರಿ ಇದೆ. ಇಟ್ಟಿಗೆ ಥರ ಒಂದೇ ಗಟ್ಟಿಯಾಗಿದ್ದರೆ ದಾರಿಯಲ್ಲೋ ಅಂಗಡಿಯಲ್ಲೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಾಧ್ಯತೆ ಜಾಸ್ತಿ, ವಾಪಸ್ ಕೊಡಿ. ಫ್ರೋಜನ್ ಪದಾರ್ಥ ಮೈನಸ್ 18 ಡಿಗ್ರಿಯಲ್ಲಿ ಇರಬೇಕು, ಹಾಲು ಮಾಂಸ ಮೀನು ಸುಮಾರು 4 ಡಿಗ್ರಿಯಲ್ಲಿ. ಇಂಥವು ಹೊರಗಿನ ಶಾಖದಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, 32 ಡಿಗ್ರಿಗಿಂತ ಬಿಸಿ ಇರುವ ದಿನ ಒಂದೇ ಗಂಟೆ. ಬಾಗಿಲ ಮುಂದೆ ಇಟ್ಟು ಹೋಗಿ ಅಂತ ಹೇಳಿ ನೀವು ಆಫೀಸಿನಲ್ಲಿ ಕೂತರೆ ಆ ಗಂಟೆ ಅಲ್ಲೇ ಮುಗಿಯುತ್ತದೆ. ಮನೆಯಲ್ಲಿ ಯಾರೂ ಇಲ್ಲದ ದಿನ ಅಂಥದ್ದನ್ನು ತರಿಸಬೇಡಿ.

ಟೊಮೆಟೊ, ಬಾಳೆಹಣ್ಣು ಇವಕ್ಕೆ ಉಲ್ಟಾ. ತಣ್ಣನೆ ಪೆಟ್ಟಿಗೆಯಲ್ಲಿ ಹಾಲಿನ ಜೊತೆ ಬಂದ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುತ್ತದೆ. ಟೊಮೆಟೊವನ್ನು 12 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಪರಿಮಳವೇ ಹೋಗುತ್ತದೆ.

ಲೆಕ್ಕದಪುಸ್ತಕ:

ಖರ್ಚಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ನಾನು ಮೂರು ತಿಂಗಳು ಅಂಗಡಿಗೆ ಹೋಗಿ ತಂದ ಬಿಲ್ಲನ್ನೂ ಆಮೇಲೆ ಮೂರು ತಿಂಗಳು ಡೆಲಿವರಿ ತರಿಸಿದ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ಬರೆದುಕೊಂಡೆ. ಮನೆಯಲ್ಲಿ ಅದೇ ಮೂರು ಜನ, ಅದೇ ಊಟ.

ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳುವ ಚಾಳಿ ನನಗೆ ಇತ್ತು. ಬಿಲ್ಲಿಂಗ್ ಹತ್ತಿರ ಚಾಕೊಲೇಟ್, ಬಾಗಿಲ ಹತ್ತಿರ ಆಫರ್‌ನ ಬಿಸ್ಕೆಟ್. ಡೆಲಿವರಿಯಲ್ಲಿ ಅದು ನಿಂತಿತು. ಅದರಲ್ಲೂ ಒಳ್ಳೆಯದು ಏನೆಂದರೆ ಕಾರ್ಟ್‌ನ ಕೆಳಗೆ ಮೊತ್ತ ಕಾಣುತ್ತಲೇ ಇರುತ್ತದೆ, ಜಾಸ್ತಿ ಅನ್ನಿಸಿದರೆ ಒಂದನ್ನು ತೆಗೆದುಬಿಡಬಹುದು. ಬಿಲ್ಲಿಂಗ್ ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ "ಇದು ಬೇಡ" ಅನ್ನಲು ನನಗೆ ಸಂಕೋಚ ಆಗುತ್ತಿತ್ತು.

ಆದರೆ ಬೇರೆ ಕಡೆಯಿಂದ ದುಡ್ಡು ಹೋಯಿತು. ಡೆಲಿವರಿ ಚಾರ್ಜ್ ಒಂದು. ಅದು ಬೇಡ ಅಂದರೆ ಇಷ್ಟು ಮೊತ್ತ ದಾಟಬೇಕು ಅಂತ ಇರುತ್ತದೆ, ಅದಕ್ಕಾಗಿ ಬೇಡದ್ದನ್ನು ಎರಡು ಸೇರಿಸುತ್ತೇವೆ. ನಾನು ಹೀಗೆ ಸೇರಿಸಿದ ಸಾಸ್ ಬಾಟಲಿ ಇನ್ನೂ ಮೂರು ಇವೆ. ಪ್ಯಾಕಿಂಗ್ ಚಾರ್ಜ್ ಅಂತ ಕೊನೆಯ ಪುಟದಲ್ಲಿ ಸೇರಿಕೊಳ್ಳುತ್ತದೆ. ಕೆಲವು ಕಡೆ ಅಂಗಡಿಯ ಬೆಲೆ ಬೇರೆ, ಆ್ಯಪ್ ಬೆಲೆ ಬೇರೆ ಇರುತ್ತದೆ, ಅದರಲ್ಲೂ ಅಂಗಡಿಯವರದ್ದಲ್ಲದ ಮಧ್ಯದ ಆ್ಯಪ್ ಆದರೆ. ಒಂದು ಐದು ವಸ್ತುವಿನ ಬೆಲೆ ಅಂಗಡಿಯ ರ‍್ಯಾಕಿನ ಮೇಲೆ ನೋಡಿ ಬರೆದುಕೊಂಡು ಬನ್ನಿ, ಮನೆಗೆ ಬಂದು ಆ್ಯಪ್‌ನಲ್ಲಿ ಹೋಲಿಸಿ. ಹತ್ತು ನಿಮಿಷದ ಕೆಲಸ, ಆಮೇಲೆ ಯಾರನ್ನೂ ಕೇಳಬೇಕಾಗಿಲ್ಲ. ಮತ್ತೆ, ಸಂಜೆ ಹೊತ್ತು ಬೆಲೆ ಇಳಿಸಿ ಚೀಟಿ ಅಂಟಿಸುವ ಬ್ರೆಡ್ಡು, ಮೊಸರು ಇವು ಆ್ಯಪ್‌ನಲ್ಲಿ ಸಿಗುವುದು ಅಪರೂಪ. ನಾನು ಅದರಲ್ಲೇ ಎಷ್ಟೋ ಉಳಿಸುತ್ತಿದ್ದೆ.

ನನ್ನ ಮೂರು ತಿಂಗಳ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ ಬಂತು. ವಾರಕ್ಕೊಂದೇ ಆರ್ಡರ್ ಅಂತ ಹಟ ಹಿಡಿದಿದ್ದರಿಂದ ಸಮ ಬಂದದ್ದು. ಕೊತ್ತಂಬರಿ ಮರೆತೆ, ಬೆಣ್ಣೆ ಮರೆತೆ ಅಂತ ದಿನಾ ಒಂದು ಸಣ್ಣ ಆರ್ಡರ್ ಮಾಡಲು ಹೋದ ತಿಂಗಳು ಕೈ ಸುಟ್ಟಿತು.

ಚಾರ್ಜ್ ಯಾಕೆ ತಗೊಳ್ಳುತ್ತಾರೆ ಅಂತ ಕೋಪ ಮಾಡಿಕೊಳ್ಳುವವರಿಗೆ ಒಂದು ಮಾತು. ಅಮೆರಿಕದಲ್ಲಿ ವೆಬ್‌ವ್ಯಾನ್ ಅಂತ ಒಂದು ಕಂಪನಿ ಇತ್ತು. 1999ರಲ್ಲಿ ಮನೆಮನೆಗೆ ಸಾಮಾನು ಕೊಡಲು ಶುರು ಮಾಡಿ, ದೊಡ್ಡ ದೊಡ್ಡ ಗೋದಾಮು ಕಟ್ಟಿ, 2001ರ ಜುಲೈನಲ್ಲಿ ದಿವಾಳಿಯಾಯಿತು. ಜನಕ್ಕೆ ಇಷ್ಟವಾಗಿತ್ತು, ಆದರೆ ಒಂದೊಂದು ಬಾಗಿಲಿಗೆ ತಲುಪಿಸುವ ಖರ್ಚು ತಡೆಯಲಾಗಲಿಲ್ಲ. ಸಾಮಾನು ಆರಿಸುವವನ ಕೂಲಿ, ಗಾಡಿ, ಎಣ್ಣೆ, ತಂಪು ಪೆಟ್ಟಿಗೆ, ಇದನ್ನೆಲ್ಲ ಮೊದಲು ನಾವೇ ನಮ್ಮ ಕಾಲಿನಲ್ಲಿ, ನಮ್ಮ ಸಮಯದಲ್ಲಿ ಕೊಡುತ್ತಿದ್ದೆವು.

ನಡೆದೇಹೋಗುವೆ:

ನಾನು ಇದಕ್ಕೆ ವಿರುದ್ಧ. ಎಲ್ಲರೂ ಮನೆಯಲ್ಲೇ ಕೂತು ತರಿಸಿಕೊಂಡರೆ ರಸ್ತೆ ತುಂಬಾ ಡೆಲಿವರಿ ಗಾಡಿ, ಮನೆ ತುಂಬಾ ಪ್ಲಾಸ್ಟಿಕ್ ಕವರ್. ಹತ್ತು ನಿಮಿಷದಲ್ಲಿ ಕೊಡುತ್ತೇವೆ ಅಂತ ಹುಡುಗರನ್ನು ಓಡಿಸುವುದು ನೋಡಿದರೆ ಎದೆ ಝಲ್ ಅನ್ನುತ್ತದೆ. ಮಳೆಯಲ್ಲಿ, ಕತ್ತಲಲ್ಲಿ, ನಮ್ಮ ಒಂದು ಪ್ಯಾಕೆಟ್ ಹಾಲಿಗಾಗಿ. ಕೈಕಾಲು ಗಟ್ಟಿ ಇರುವವರು ನಡೆದು ಹೋಗಿ ತರಬೇಕು ಅಂತ ನನ್ನ ಅಭಿಪ್ರಾಯ. ನಾಲ್ಕು ಜನದ ಮುಖ ನೋಡಿದ ಹಾಗೂ ಆಗುತ್ತದೆ.

ಲೆಕ್ಕದಪುಸ್ತಕ:

ಹತ್ತು ನಿಮಿಷದ ಆತುರದ ಬಗ್ಗೆ ನೀವು ಹೇಳಿದ್ದು ಸರಿ, ನಾನು ಅದನ್ನು ತರಿಸುವುದನ್ನೇ ಬಿಟ್ಟೆ. ಆದರೆ ಗಾಡಿ ಮತ್ತು ಹೊಗೆಯ ವಿಷಯ ಅಷ್ಟು ಸರಳ ಇಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನು ಲೆಕ್ಕ ಹಾಕಿದ್ದರು. ಒಬ್ಬೊಬ್ಬರೂ ಸ್ವಂತ ಕಾರಿನಲ್ಲಿ ಅಂಗಡಿಗೆ ಹೋಗಿ ಬರುವುದಕ್ಕಿಂತ ಒಂದು ಡೆಲಿವರಿ ಟ್ರಕ್ ಹಲವು ಮನೆಗೆ ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಶೇಕಡ 20ರಿಂದ 75ರಷ್ಟು ಕಡಿಮೆ ಅಂತ ಬಂತು. ಅಕ್ಕಪಕ್ಕದ ಮನೆಗಳ ಆರ್ಡರ್ ಒಟ್ಟಿಗೆ ಸೇರಿಸಿದರೆ ಇನ್ನೂ ಕಡಿಮೆ. ಅಂದರೆ ನಮಗೆ ಬೇಕಾದ ಗಂಟೆಯಲ್ಲೇ ಬರಬೇಕು ಅಂತ ಹಟ ಮಾಡದೆ, ಗಾಡಿ ನಮ್ಮ ಬೀದಿಗೆ ಬರುವ ಹೊತ್ತಿಗೆ ತಗೊಂಡರೆ ಲಾಭ. ನಿಮ್ಮ ಹಾಗೆ ನಡೆದು ಹೋಗುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ನೀವು ಹೊಗೆಯೇ ಬಿಡುತ್ತಿಲ್ಲವಲ್ಲ.

ಬೆರಳಕಣ್ಣು:

ನಡೆದೇಹೋಗುವೆ ಅವರೇ, ಎಲ್ಲರ ಕಾಲು, ಎಲ್ಲರ ಕಣ್ಣು ಒಂದೇ ಥರ ಇರುವುದಿಲ್ಲ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಅಂಗಡಿಗೆ ಹೋಗುತ್ತಿದ್ದಾಗ ಬಾಗಿಲ ಹತ್ತಿರ ನಿಂತು, ಸಹಾಯಕ್ಕೆ ಒಬ್ಬರನ್ನು ಕಳಿಸುವವರೆಗೆ ಕಾಯಬೇಕಿತ್ತು. ಬಂದವರು ಒಳ್ಳೆಯವರೇ, ಆದರೆ ಅವರಿಗೂ ಅವರ ಕೆಲಸ ಇರುತ್ತದೆ. "ಯಾವುದಾದರೂ ಪರವಾಗಿಲ್ಲ" ಅಂತ ನಾನು ಎಷ್ಟು ಸಲ ಹೇಳಿದ್ದೇನೆ ಅಂದರೆ, ನನಗೆ ನಿಜವಾಗಿ ಯಾವ ಶಾಂಪೂ ಇಷ್ಟ ಅಂತ ನನಗೇ ಗೊತ್ತಿರಲಿಲ್ಲ.

ಈಗ ಫೋನು ಓದಿ ಹೇಳುತ್ತದೆ. ನಾನು ಒಂದು ಗಂಟೆ ಬೇಕಾದರೂ ಕೂತು, ಈ ಓಟ್ಸ್‌ನಲ್ಲಿ ಸಕ್ಕರೆ ಎಷ್ಟು, ಆ ಓಟ್ಸ್‌ನಲ್ಲಿ ಎಷ್ಟು ಅಂತ ಹೋಲಿಸುತ್ತೇನೆ. ಯಾರನ್ನೂ ಕಾಯಿಸುವುದಿಲ್ಲ. ಇದು ನನಗೆ ಸಣ್ಣ ವಿಷಯ ಅಲ್ಲ.

ತೊಂದರೆ ಇಲ್ಲ ಅಂತಲ್ಲ. ಕೆಲವು ಆ್ಯಪ್‌ಗಳಲ್ಲಿ ಚಿತ್ರಕ್ಕೆ ಹೆಸರು ಕೊಟ್ಟಿರುವುದಿಲ್ಲ, ಫೋನು "ಬಟನ್, ಬಟನ್, ಬಟನ್" ಅಂತಲೇ ಓದುತ್ತದೆ. ಒಂದು ಸಲ ಅಪ್‌ಡೇಟ್ ಆದ ಮೇಲೆ ದುಡ್ಡು ಕಟ್ಟುವ ಬಟನ್ ಸಿಗದೆ ಎರಡು ವಾರ ಪಕ್ಕದ ಮನೆಯ ಹುಡುಗಿಯನ್ನು ಕರೆಯಬೇಕಾಯಿತು. ಮತ್ತೆ ಎಕ್ಸ್‌ಪೈರಿ ತಾರೀಕು ಆ್ಯಪ್‌ನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಸಾಮಾನು ಬಂದಾಗ ತಂದುಕೊಟ್ಟವರ ಹತ್ತಿರ ಹಾಲು ಮೊಸರಿನ ತಾರೀಕು ಓದಿಸಿಕೊಳ್ಳುತ್ತೇನೆ. ಉಪ್ಪಿನ ಪ್ಯಾಕೆಟ್‌ಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು, ಅಲ್ಲೇ ಬಾಗಿಲಲ್ಲಿ ಹಾಕಿಬಿಡುತ್ತೇನೆ, ಒಳಗೆ ಹೋದ ಮೇಲೆ ಎರಡೂ ಕೈಗೆ ಒಂದೇ.

ಗ್ರಂಥಾಲಯದವನು:

ಪ್ರಶ್ನೆ ಕೇಳಿದವರ ಅಪ್ಪನ ವಿಷಯ ಓದಿದ ಮೇಲೆ ಎರಡು ಹಳೇ ಸಂಗತಿ ನೆನಪಾಯಿತು.

ಒಂದು, 1916ಕ್ಕೆ ಮೊದಲು ಅಂಗಡಿಯಲ್ಲಿ ಗಿರಾಕಿ ತಾನೇ ಆರಿಸುವ ಪದ್ಧತಿ ಹೆಚ್ಚುಕಡಿಮೆ ಇರಲೇ ಇಲ್ಲ. ಪಟ್ಟಿ ಕೊಟ್ಟರೆ ಕೌಂಟರಿನ ಆ ಕಡೆ ಇದ್ದವನು ತೆಗೆದುಕೊಡುತ್ತಿದ್ದ. ಆ ವರ್ಷ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವರು ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆರೆದು, ಜನ ಬುಟ್ಟಿ ಹಿಡಿದು ಒಳಗೆ ಬಂದು ತಾವೇ ತೆಗೆದುಕೊಳ್ಳುವ ಹಾಗೆ ಮಾಡಿದರು. ಸೂಪರ್‌ಮಾರ್ಕೆಟ್ ಬೆಳೆದದ್ದು ಅಲ್ಲಿಂದ. ಅಂದರೆ ಮುಟ್ಟಿ, ಒತ್ತಿ, ಆರಿಸುವ ಹಕ್ಕು ನಮಗೆ ಸಿಕ್ಕಿ ನೂರು ವರ್ಷದ ಮೇಲೆ ಸ್ವಲ್ಪ ಆಯಿತು. ಡೆಲಿವರಿಯಲ್ಲಿ ನಾವು ಅದನ್ನೇ ಮತ್ತೆ ಬೇರೆಯವರ ಕೈಗೆ ಕೊಡುತ್ತಿದ್ದೇವೆ. ಎಲ್ಲದಕ್ಕೂ ಕೊಡಬೇಕಾ, ಕೆಲವಕ್ಕೆ ಮಾತ್ರವಾ ಅನ್ನುವುದೇ ನಿಮ್ಮ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ.

ಎರಡನೆಯದು, ಮನೆಯಿಂದಲೇ ತಂತಿಯ ಮೂಲಕ ಸೂಪರ್‌ಮಾರ್ಕೆಟ್‌ಗೆ ಆರ್ಡರ್ ಮಾಡಿದ ಮೊದಲಿಗರಲ್ಲಿ ಒಬ್ಬರು ನಿಮ್ಮ ಅಪ್ಪನ ವಯಸ್ಸಿನವರೇ. 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಜೇನ್ ಸ್ನೋಬಾಲ್ ಅನ್ನುವ 72 ವರ್ಷದ ಅಜ್ಜಿ, ಟಿವಿ ರಿಮೋಟ್ ಒತ್ತಿ ಟೆಸ್ಕೊ ಅಂಗಡಿಯಿಂದ ಮಾರ್ಗರೀನ್, ಕಾರ್ನ್‌ಫ್ಲೇಕ್ಸ್, ಮೊಟ್ಟೆ ತರಿಸಿದರು. ಓಡಾಡಲು ಕಷ್ಟ ಇರುವ ಹಿರಿಯರಿಗೆ ಸಹಾಯ ಆಗಲಿ ಅಂತ ಅಲ್ಲಿನ ಆಡಳಿತ ಮಾಡಿದ ಪ್ರಯೋಗ ಅದು. ಅಲ್ಲಿ ಗುಂಡಿ ಒತ್ತಿದ್ದು ಅಜ್ಜಿಯೇ, ಅವರ ಮಕ್ಕಳಲ್ಲ. ನಿಮ್ಮ ಮನೆಯಲ್ಲಿ ಈಗ ಆರ್ಡರ್ ಮಾಡುವುದು ಯಾರು?

ಬೆಳಗಿನಬಸ್ಸು:

ನಾನು. ಬಸ್ಸಿನಲ್ಲಿ ಕೂತು ಮಾಡುತ್ತೇನೆ.

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪನನ್ನು ಒಮ್ಮೆಯೂ ಕೇಳಿಲ್ಲ. ಅವರಿಗೆ ಶ್ರಮ ತಪ್ಪಿಸುತ್ತಿದ್ದೇನೆ ಅಂದುಕೊಂಡು ಅವರ ಕೆಲಸವನ್ನೇ ತೆಗೆದುಕೊಂಡುಬಿಟ್ಟೆ. ಅವರು ಬಾಗಿಲ ಹತ್ತಿರ ಕೂತು ತಾರೀಕು ನೋಡುತ್ತಿದ್ದದ್ದು ಉಳಿದ ಚೂರು ಕೆಲಸ ಅಂತ ಈಗ ಅರ್ಥವಾಗುತ್ತಿದೆ.

ಅವಳಿಮಕ್ಕಳಮ್ಮ:

ಅಕ್ಕ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆಪರೇಷನ್ ಆದ ಹೊಸದರಲ್ಲಿ ಯಾರಾದರೂ ಹಾಗೇ ಮಾಡುತ್ತಿದ್ದರು. ಏನಾಯಿತು ಅಂತ ಬಂದು ತಿಳಿಸಿ.

ಬೆಳಗಿನಬಸ್ಸು (ಹತ್ತು ದಿನದ ನಂತರ):

ತಿಳಿಸುತ್ತೇನೆ ಅಂದಿದ್ದೆ, ತಡವಾಯಿತು.

ಅಪ್ಪನ ಜೊತೆ ಕೂತು ಪಟ್ಟಿಯನ್ನು ಎರಡು ಮಾಡಿದೆವು. ಭಾರದ್ದು ಮತ್ತು ಪ್ಯಾಕೆಟ್ಟಿನದು ಒಂದು: ಅಕ್ಕಿ, ಹಿಟ್ಟು, ಎಣ್ಣೆ, ಸಕ್ಕರೆ, ಸೋಪು, ಮಗಳ ಡಿಟರ್ಜೆಂಟ್ ಎರಡು. ಅದು ಹದಿನೈದು ದಿನಕ್ಕೊಮ್ಮೆ ಡೆಲಿವರಿಯಲ್ಲಿ ಬರುತ್ತದೆ, ಬೆಳಿಗ್ಗೆ ಹತ್ತೂವರೆ ಸ್ಲಾಟ್. ಸೊಪ್ಪು, ತರಕಾರಿ, ಹಣ್ಣು, ಹಾಲು ಅಪ್ಪನದು. ಅಂಗಡಿ ನಡೆದರೆ ಹತ್ತು ನಿಮಿಷ. ಡಾಕ್ಟರನ್ನು ಕೇಳಿದೆವು, ಒಂದೇ ಚೀಲ, ಅದೂ ಎರಡು ಕಿಲೋ ದಾಟಬಾರದು, ಕೋಲು ಹಿಡಿದೇ ಹೋಗಬೇಕು ಅಂದರು. ಗುರುವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ತರಕಾರಿ ರ‍್ಯಾಕಿನ ಮುಂದೆ ಅಪ್ಪ ಕೋಲನ್ನು ಟ್ರಾಲಿಗೆ ಸಿಕ್ಕಿಸಿ, ಟೊಮೆಟೊ ಒಂದೊಂದೇ ತೆಗೆದು ತಿರುಗಿಸಿ ನೋಡಿದರು. ಹಾಲಿನ ಫ್ರಿಜ್‌ನಲ್ಲಿ ಕೈ ಹಿಂದಕ್ಕೆ ಹಾಕಿ ಕೊನೆಯ ಪ್ಯಾಕೆಟ್ ಎಳೆದರು. ನಮ್ಮ ಪಿಕ್ಕರ್ ಅಣ್ಣ ಹೇಳಿದ ಹಾಗೇ. ಬಿಲ್ಲಿಂಗ್‌ನಲ್ಲಿ ಕೂರುವ ಹುಡುಗಿ, "ಏನು ತಾತ, ಇಷ್ಟು ದಿನ ಕಾಣಲೇ ಇಲ್ಲ" ಅಂದಳು. ಅಪ್ಪ ಅವಳಿಗೆ ಮಂಡಿಯ ಕಥೆಯನ್ನೆಲ್ಲ ಹೇಳಿದರು, ಹಿಂದಿನವರು ಪಾಪ ಕಾದರು.

ಸುಸ್ತಾಗಿದ್ದರು. ಮನೆಗೆ ಬಂದು ಎರಡು ಗಂಟೆ ಮಲಗಿದರು. ಮಳೆ ಬಂದ ದಿನ ಬೇಡ ಅಂತ ಮಾತಾಗಿದೆ, ಅವತ್ತಿಗೆ ಎಲ್ಲವೂ ಡೆಲಿವರಿ.

ಈಗ ಇನ್ನೊಂದು ಸಹಾಯ ಬೇಕು. ಭಾರದ ಪಟ್ಟಿಯ ಆರ್ಡರನ್ನೂ ತಾವೇ ಮಾಡುತ್ತೇನೆ ಅನ್ನುತ್ತಿದ್ದಾರೆ, ಟ್ಯಾಬ್ಲೆಟ್‌ನಲ್ಲಿ. ಅಕ್ಷರ ಸಣ್ಣದು, ಕಾಣುವುದಿಲ್ಲ. ತಪ್ಪಿ ಒಂದರ ಬದಲು ಹನ್ನೊಂದು ಎಣ್ಣೆ ಹಾಕಿದ್ದರು, ನಾನು ನೋಡಿದ್ದರಿಂದ ಉಳಿಯಿತು. ಏನು ಮಾಡಲಿ?

ಬೆರಳಕಣ್ಣು:

ಆ್ಯಪ್ ಒಳಗೆ ಹುಡುಕಬೇಡಿ. ಟ್ಯಾಬ್ಲೆಟ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಅಂತ ಇರುತ್ತದೆ, ಅಲ್ಲಿ ಅಕ್ಷರದ ಗಾತ್ರ ಮತ್ತು ಡಿಸ್‌ಪ್ಲೇ ಗಾತ್ರ ಎರಡನ್ನೂ ದೊಡ್ಡದು ಮಾಡಿ. ಒಂದನ್ನೇ ಮಾಡಿದರೆ ಕೆಲವು ಆ್ಯಪ್‌ಗಳಲ್ಲಿ ಪದ ದೊಡ್ಡದಾಗುತ್ತದೆ, ಬಟನ್ ಸಣ್ಣದಾಗಿಯೇ ಉಳಿಯುತ್ತದೆ. ಹಳೇ ಆರ್ಡರ್‌ಗೆ ಹೋಗಿ "ಮತ್ತೆ ಆರ್ಡರ್ ಮಾಡಿ" ಒತ್ತಿದರೆ ಅದೇ ಪಟ್ಟಿ ಅಷ್ಟೇ ಲೆಕ್ಕದಲ್ಲಿ ಬರುತ್ತದೆ, ಅವರು ಬೇಡದ್ದನ್ನು ತೆಗೆದರೆ ಸಾಕು. ಮೊದಲ ಒಂದೆರಡು ಸಲ ದುಡ್ಡು ಕಟ್ಟುವ ಮೊದಲು ಮೊತ್ತವನ್ನು ನಿಮಗೆ ಫೋನಿನಲ್ಲಿ ಓದಿ ಹೇಳಲಿ. ಹನ್ನೊಂದು ಎಣ್ಣೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಬೆಳಗಿನಬಸ್ಸು:

ಆಯಿತು, ದೊಡ್ಡದಾಯಿತು! ಪರದೆಯಲ್ಲಿ ಒಂದು ಸಲಕ್ಕೆ ಮೂರೇ ವಸ್ತು ಕಾಣುತ್ತವೆ, ಅಪ್ಪನಿಗೆ ಅದೇ ಸರಿ ಅಂತೆ. ಲಕೋಟೆ ಪಕ್ಕದಲ್ಲೇ ಇದೆ, ಒಂದು ಹಾಕಿದರೆ ಪೆನ್ಸಿಲ್‌ನಲ್ಲಿ ಒಂದು ಗೀಟು ಹೊಡೆಯುತ್ತಾರೆ. ಈಗಷ್ಟೇ ಡಿಟರ್ಜೆಂಟ್‌ಗೆ ಬಂದರು, "ಬದಲಿ ಬೇಡ ಅನ್ನೋದು ಎಲ್ಲಮ್ಮಾ ಇರೋದು" ಅಂತ ಕರೆಯುತ್ತಿದ್ದಾರೆ. ಹೋಗಿ ತೋರಿಸಿ ಬರುತ್ತೇನೆ.